‘ರಾ’ಗೆ ಅಂತ ಪರೀಕ್ಷೆಯಿಲ್ಲ, ದಾರಿಗಳಿವೆ: ಯಾವುದು ಯಾರಿಗೆ?

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಕ್ಲಾಸು ಮುಗಿದ ಮೇಲೂ ಹೊರಗೆ ಹೋಗದೆ ನಿಂತ. ಧಾರವಾಡದ ಸಪ್ತಾಪುರದಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಹೀಗೆ ನಿಲ್ಲುವ ಹುಡುಗರು ಹೊಸಬರಲ್ಲ. ಒಂದೋ ಫೀಸಿನ ಕಂತು ಮುಂದೂಡಬೇಕಿರುತ್ತದೆ, ಇಲ್ಲವೇ ಮನೆಯಲ್ಲಿ ಹೇಳಿಕೊಳ್ಳಲಾಗದ ಆಸೆಯೊಂದು ಇರುತ್ತದೆ. ಇವನದು ಎರಡನೆಯದು. ಫೋನನ್ನು ಮುಂದೆ ಹಿಡಿದ. “ಸರ್, ರಾ ಏಜೆಂಟ್ ಫಾರ್ಮ್ ಬಿಟ್ಟಾರ್ರಿ. ಖರೇ ಅದನೋ ಹ್ಯಾಂಗ ನೋಡ್ರಿ.” ಪಿಡಿಎಫ್‌ನ ನೆತ್ತಿಯ ಮೇಲೆ ಮೂರು ಸಿಂಹ, ಅಡ್ಡಡ್ಡ ಒಂದು ಕೆಂಪು ‘ಸೀಕ್ರೆಟ್’ ಮೊಹರು, ತಳದಲ್ಲಿ ಹಣ ಕಟ್ಟಲು ಕ್ಯೂಆರ್ ಕೋಡ್. ಸಾವಿರದ ಐನೂರು ರೂಪಾಯಿ ಆಗಲೇ ಹೋಗಿತ್ತು.

‘ರಾ’ ಅಂದರೆ ಹೊರದೇಶದ ಬೇಹು ನೋಡಿಕೊಳ್ಳುವ ನಮ್ಮ ಸರ್ಕಾರಿ ಸಂಸ್ಥೆ. ಆ ಹೆಸರಿನ ಪರೀಕ್ಷೆ ಭಾರತದಲ್ಲಿ ಇಲ್ಲ. ಆ ಹೆಸರಲ್ಲಿ ಫಾರ್ಮ್ ಬಂದರೆ ಅದು ಮೋಸ. ಆದರೆ ಆ ಸಂಸ್ಥೆಯ ಕಡೆಗೆ, ಅದರ ಅಕ್ಕಪಕ್ಕದ ಸಂಸ್ಥೆಗಳ ಕಡೆಗೆ ಹೋಗುವ ದಾರಿಗಳು ನಾಲ್ಕೈದು ಇವೆ. ಅವು ಒಂದಕ್ಕೊಂದು ಎಷ್ಟು ಬೇರೆ ಎಂಬುದನ್ನು ಸರಿಯಾಗಿ ಹೇಳುವವರು ಕಡಿಮೆ. ಅವನಿಗೆ ಅರ್ಧ ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ದಾರಿ ಆರಿಸುವ ಮುಂಚೆ ಎರಡು ಗೊಂದಲ ಬಗೆಹರಿಯಬೇಕು. ನಮ್ಮ ಹುಡುಗರು ಬಾಯಿ ತೆಗೆದರೆ ‘ಏಜೆಂಟ್ ಆಗಬೇಕು’ ಅನ್ನುತ್ತಾರೆ. ಈ ಕಸುಬಿನಲ್ಲಿ ಏಜೆಂಟ್ ಅಂದರೆ ನೌಕರನಲ್ಲ. ಮಾಹಿತಿ ತಂದುಕೊಡಲು ಅಧಿಕಾರಿಯೊಬ್ಬ ಹುಡುಕಿ, ಒಲಿಸಿ, ದುಡ್ಡನ್ನೋ ಮತ್ತೇನನ್ನೋ ಕೊಟ್ಟು ನಡೆಸಿಕೊಳ್ಳುವ ಹೊರಗಿನ ಮನುಷ್ಯ. ಅಧಿಕಾರಿಗೆ ಸಂಬಳ, ಬಡ್ತಿ, ಪಿಂಚಣಿ ಎಲ್ಲ ಉಂಟು. ಏಜೆಂಟನಿಗೆ ಅವು ಯಾವುವೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಒಬ್ಬ ಮಾಜಿ ರೈಲ್ವೆ ಮೇಲ್ ಸರ್ವಿಸ್ ನೌಕರರಿಗೆ 10 ಲಕ್ಷ ರೂಪಾಯಿ ಕೊಡುವಂತೆ ಕೇಂದ್ರಕ್ಕೆ ಹೇಳಿತು. ದೇಶದ ಕೆಲಸಕ್ಕೆಂದು ಗಡಿ ದಾಟಿ 1976ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕಿಬಿದ್ದೆ, 1989ರವರೆಗೆ ಜೈಲಿನಲ್ಲಿದ್ದೆ, ಅಷ್ಟರಲ್ಲಿ ಗೈರುಹಾಜರಿಯ ಕಾರಣ ಕೊಟ್ಟು ಅಂಚೆ ಇಲಾಖೆ ಕೆಲಸದಿಂದ ತೆಗೆದುಹಾಕಿತ್ತು ಎಂಬುದು ಅವರ ವಾದ. ಅವರಿಗೂ ತನಗೂ ಸಂಬಂಧವಿಲ್ಲ ಎಂದು ಸರ್ಕಾರ ಕೊನೆಯವರೆಗೂ ಹೇಳಿತು. ಕೋರ್ಟು ಕೂಡ ಸರ್ಕಾರ ಸುಳ್ಳು ಹೇಳುತ್ತಿದೆ ಎನ್ನಲಿಲ್ಲ, ವಿಶೇಷ ಸಂದರ್ಭ ಎಂದು ಪರಿಗಣಿಸಿ ಹಣ ಕೊಡಿಸಿತು. ಯಾರಾದರೂ ‘ಏಜೆಂಟ್ ಮಾಡ್ತೀವಿ ಬಾ’ ಅಂದರೆ ಈ ಪ್ರಕರಣ ನೆನಪಿರಲಿ. ಮುಂದೆ ಹೇಳುವುದೆಲ್ಲ ಅಧಿಕಾರಿಯ ಕೆಲಸದ ಬಗ್ಗೆ ಮಾತ್ರ.

ಎರಡನೆಯ ಗೊಂದಲ ಐಬಿ ಮತ್ತು ರಾ ನಡುವಿನದು. ಅಜಿತ್ ಡೋಭಾಲ್ ಹೆಸರು ಹೇಳಿ ‘ಅವರ ಹಾಗೆ ರಾ ಸೇರಬೇಕು’ ಎಂದವರನ್ನು ಲೆಕ್ಕ ಇಡಲಾರೆ. ಡೋಭಾಲ್ ಕೇರಳ ಕೇಡರಿನ ಐಪಿಎಸ್, ಅವರ ವೃತ್ತಿ ಕಳೆದದ್ದು ಐಬಿಯಲ್ಲಿ; 2004–05ರಲ್ಲಿ ಅದರ ನಿರ್ದೇಶಕರಾಗಿ ನಿವೃತ್ತರಾದರು. ಐಬಿ ಅಂದರೆ ಇಂಟೆಲಿಜೆನ್ಸ್ ಬ್ಯೂರೋ, 1887ರಷ್ಟು ಹಳೆಯದು. ಗೃಹ ಸಚಿವಾಲಯದ ಕೈಕೆಳಗೆ ದೇಶದೊಳಗಿನ ಬೇಹನ್ನು ನೋಡಿಕೊಳ್ಳುತ್ತದೆ. ಹೊರದೇಶದ ಕೆಲಸವನ್ನೂ ಮೊದಲು ಅದೇ ಮಾಡುತ್ತಿತ್ತು. 1962ರಲ್ಲಿ ಚೀನಾ, 1965ರಲ್ಲಿ ಪಾಕಿಸ್ತಾನದ ಯುದ್ಧಗಳು ಆ ಏರ್ಪಾಟಿನ ತೂತುಗಳನ್ನು ತೋರಿಸಿದವು. ಇಂದಿರಾ ಗಾಂಧಿ 1968ರ ಸೆಪ್ಟೆಂಬರ್ 21ರಂದು ಹೊರಗಿನದನ್ನು ಬೇರ್ಪಡಿಸಿ ರಾಮೇಶ್ವರ ನಾಥ್ ಕಾವ್ ಕೈಗೆ ಕೊಟ್ಟರು. ಅದೇ ರಿಸರ್ಚ್ ಅಂಡ್ ಅನಾಲಿಸಿಸ್ ವಿಂಗ್. ಕ್ಯಾಬಿನೆಟ್ ಸಚಿವಾಲಯದ ಒಂದು ‘ವಿಂಗ್’ ಎಂದೇ ಇವತ್ತಿಗೂ ಅದರ ಸ್ಥಾನ. ದೆಹಲಿಯ ಲೋಧಿ ರೋಡಿನಲ್ಲಿ ಕಚೇರಿ. ವಿದೇಶಿ ಬೇಹುಗಾರಿಕೆ ಬೇಕಿದ್ದರೆ ನೀವು ನೋಡಬೇಕಾದ್ದು ಅತ್ತ.

ನಾನು ಹೋಲಿಸುವಾಗ ಹಿಡಿಯುವ ಅಳತೆಗೋಲು ಒಂದೇ. ಈ ದಾರಿ ಹಿಡಿದು ‘ರಾ’ ಯಾವತ್ತೂ ಕರೆಯದೆ ಹೋದರೆ, ಅಷ್ಟರಲ್ಲಿ ಕೈಯಲ್ಲಿರುವ ಕೆಲಸವನ್ನು ನಿವೃತ್ತಿಯವರೆಗೆ ಖುಷಿಯಿಂದ ಮಾಡುತ್ತೀರಾ? ಬಹುಪಾಲು ಮಂದಿಗೆ ಕರೆ ಬರುವುದಿಲ್ಲ, ಅದಕ್ಕೇ ಈ ಪ್ರಶ್ನೆ. ಸಂಬಳ, ವಯಸ್ಸು, ಪ್ರಯತ್ನಗಳ ಸಂಖ್ಯೆ ಎಲ್ಲ ಇದರ ನಂತರ ಬರುವ ಮಾತು.

ಸಿವಿಲ್ ಸರ್ವಿಸಸ್: ದೊಡ್ಡ ಬಾಗಿಲು, ಸುತ್ತು ದಾರಿ

ಎಲ್ಲರಿಗೂ ಗೊತ್ತಿರುವ ದಾರಿ ಇದು. ಯುಪಿಎಸ್‌ಸಿ ಬರೆದು ಐಪಿಎಸ್ ಆಗಿ, ಕೆಲವು ವರ್ಷ ಜಿಲ್ಲೆಯಲ್ಲಿ ಪೊಲೀಸ್ ಕೆಲಸ ಮಾಡಿ, ನಿಯೋಜನೆಯ ಮೇಲೆ ಐಬಿಗೋ ರಾಗೋ ಹೋಗುವುದು. ರಾ ಮುಖ್ಯಸ್ಥರ ಪಟ್ಟಿ ತೆಗೆದರೆ ಹೆಚ್ಚಿನವರು ಐಪಿಎಸ್‌ನವರೇ. 2025ರ ಜುಲೈನಲ್ಲಿ ಅಧಿಕಾರ ವಹಿಸಿಕೊಂಡ ಪರಾಗ್ ಜೈನ್ ಪಂಜಾಬ್ ಕೇಡರಿನವರು. ಪಟ್ಟಿಯಲ್ಲಿ ನನಗೆ ಇಷ್ಟವಾದ ಹೆಸರು ಮಾತ್ರ ವಿಕ್ರಮ್ ಸೂದ್. 2000ದ ಕೊನೆಯಿಂದ 2003ರವರೆಗೆ ರಾ ಮುಖ್ಯಸ್ಥರಾಗಿದ್ದ ಅವರು ಬಂದದ್ದು ಭಾರತೀಯ ಅಂಚೆ ಸೇವೆಯಿಂದ. ರ‍್ಯಾಂಕು ಕೆಳಗೆ ಬಂತು, ಪೋಸ್ಟಲ್ ಸಿಕ್ಕಿತು ಎಂದು ಮುಖ ಸಪ್ಪೆ ಮಾಡಿಕೊಂಡು ಬರುವವರಿಗೆ ನಾನು ಈ ಹೆಸರು ಹೇಳುತ್ತೇನೆ.

ರಾಗೆ ತನ್ನದೇ ಆದ ಸೇವೆಯೂ ಇದೆ, ರಿಸರ್ಚ್ ಅಂಡ್ ಅನಾಲಿಸಿಸ್ ಸರ್ವಿಸ್. ಯುಪಿಎಸ್‌ಸಿ ಅರ್ಜಿಯಲ್ಲಿ ಸೇವೆಗಳ ಪಟ್ಟಿ ಬರುತ್ತದಲ್ಲ, ಅದರಲ್ಲಿ ಈ ಹೆಸರು ಹುಡುಕಬೇಡಿ, ಸಿಗದು. ಬೇರೆ ಸೇವೆಗೆ ಆಯ್ಕೆಯಾದವರೊಳಗಿಂದ ಅವರೇ ಹೆಕ್ಕಿಕೊಳ್ಳುವ ಪದ್ಧತಿ. ಆರಂಭದ ವರ್ಷಗಳಲ್ಲಿ ಹೆಕ್ಕುವಿಕೆ ಎಷ್ಟು ಆಪ್ತವಾಗಿತ್ತೆಂದರೆ, ‘ರಾ’ ಅಂದರೆ ನೆಂಟರಿಷ್ಟರ ಕ್ಷೇಮಾಭಿವೃದ್ಧಿ ಸಂಘ ಎಂದು ದೆಹಲಿಯಲ್ಲಿ ತಮಾಷೆ ಮಾಡುತ್ತಿದ್ದರು. ಸ್ವಂತ ಸೇವೆಯವರಿಗೂ ನಿಯೋಜನೆ ಮೇಲೆ ಬಂದು ಮೇಲಿನ ಕುರ್ಚಿ ಹಿಡಿಯುವ ಐಪಿಎಸ್‌ನವರಿಗೂ ನಡುವೆ ಇರುವ ಮುಸುಕಿನ ಗುದ್ದಾಟ ಹಳೆಯದು. ಒಳಗೆ ಹೋದಮೇಲೆ ನೀವು ಯಾವ ಕಡೆಯವರು ಎಂಬುದು ನಿಮ್ಮ ಬಡ್ತಿಯನ್ನೂ ತೀರ್ಮಾನಿಸುತ್ತದೆ.

ಈ ಬಾಗಿಲಿನ ಇಕ್ಕಟ್ಟು ಗೊತ್ತಿರಬೇಕು. 2024ರ ಪರೀಕ್ಷೆಯಲ್ಲಿ ಪ್ರಿಲಿಮ್ಸ್ ಬರೆದವರು ಸುಮಾರು 5.83 ಲಕ್ಷ, ಕೊನೆಗೆ ಆಯ್ಕೆಪಟ್ಟಿಯಲ್ಲಿ ಉಳಿದವರು 1,009. ಐಪಿಎಸ್‌ಗೆ ಇದ್ದ ಹುದ್ದೆ 147. ಸಾಮಾನ್ಯ ವರ್ಗಕ್ಕೆ 32 ವರ್ಷದೊಳಗೆ ಆರು ಪ್ರಯತ್ನ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು; ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲೇ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಪೈಕಿ ಇದೊಂದೇ ತನ್ನ ಭಾಷೆಯಲ್ಲಿ ಯೋಚಿಸಿ ಬರೆಯಲು ಬಿಡುವ ದಾರಿ.

ಪೊಲೀಸ್ ಕೆಲಸದ ಬಗ್ಗೆ ಪ್ರೀತಿ ಇದ್ದರೆ ಮಾತ್ರ ಇದನ್ನು ಹಿಡಿಯಿರಿ. ಬೇಹುಗಾರಿಕೆಗಾಗಿಯೇ ಐಪಿಎಸ್ ಆಗಿ, ಜಾತ್ರೆ ಬಂದೋಬಸ್ತು, ಗಲಭೆ, ಶವಪರೀಕ್ಷೆ, ಶಾಸಕರ ಫೋನುಗಳ ನಡುವೆ ಹತ್ತು ವರ್ಷ ಹಲ್ಲುಕಚ್ಚಿಕೊಂಡು ಕೂರುವವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಕ್ಯಾಬಿನೆಟ್ ಸಚಿವಾಲಯದ ಡಿಎಫ್ಒ: ಎಂಜಿನಿಯರುಗಳ ಕಣ್ಣಿಗೆ ಬೀಳದ ಗುಬ್ಬಿಬಾಗಿಲು

ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಬರವಿಲ್ಲ, ಆದರೂ ಈ ಹುದ್ದೆಯ ಹೆಸರು ಕೇಳಿದವರು ನೂರಕ್ಕೆ ಒಬ್ಬರು ಸಿಗುವುದೂ ಕಷ್ಟ. ಡೆಪ್ಯುಟಿ ಫೀಲ್ಡ್ ಆಫೀಸರ್, ಟೆಕ್ನಿಕಲ್. 2023ರಲ್ಲಿ 125, 2024ರಲ್ಲಿ 160, 2025ರಲ್ಲಿ 250 ಹುದ್ದೆಗಳಿಗೆ ಪ್ರಕಟಣೆ ಬಂತು. ಇದಕ್ಕೆಂದು ಬೇರೆ ಲಿಖಿತ ಪರೀಕ್ಷೆಯಿಲ್ಲ. ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯ ಅಂಕದ ಮೇಲೆ ಆರಿಸಿ, ಸಂದರ್ಶನಕ್ಕೆ ಕರೆಯುತ್ತಾರೆ. ಕಂಪ್ಯೂಟರ್ ಸೈನ್ಸಿಗೆ ದೊಡ್ಡ ಪಾಲು, ಆಮೇಲೆ ಎಲೆಕ್ಟ್ರಾನಿಕ್ಸ್. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಭೂವಿಜ್ಞಾನದವರಿಗೂ ಬೆರಳೆಣಿಕೆಯ ಸ್ಥಾನಗಳು. ವಯಸ್ಸು 30ರೊಳಗೆ. ಮೂಲವೇತನ ಏಳನೇ ಹಂತದ್ದು, ಅಂದರೆ 44,900ರಿಂದ ಶುರು.

ಪ್ರಕಟಣೆಯಲ್ಲಿ ‘ರಾ’ ಎಂಬ ಪದ ಎಲ್ಲಿಯೂ ಇಲ್ಲ. ಭಾರತ ಸರ್ಕಾರ, ಕ್ಯಾಬಿನೆಟ್ ಸಚಿವಾಲಯ, ಅಷ್ಟೇ. ಎಲ್ಲ ಅರ್ಜಿಗಳೂ ಮೊಬೈಲಿನಲ್ಲೇ ಮುಗಿಯುವ ಕಾಲದಲ್ಲಿ ಇದನ್ನು ಕಾಗದದ ಮೇಲೆ ತುಂಬಿ, ಫೋಟೊ ಅಂಟಿಸಿ, ಅಂಚೆಗೆ ಹಾಕಬೇಕು. ವಿಳಾಸ: ಪೋಸ್ಟ್ ಬ್ಯಾಗ್ ನಂಬರ್ 001, ಲೋಧಿ ರೋಡ್ ಪ್ರಧಾನ ಅಂಚೆ ಕಚೇರಿ, ನವದೆಹಲಿ. ಆ ವಿಳಾಸ ಓದಿದವರಿಗೆ ಉಳಿದದ್ದು ಅರ್ಥವಾಗುತ್ತದೆ.

ಸಿನಿಮಾ ತಲೆಯಲ್ಲಿ ಇಟ್ಟುಕೊಂಡವರಿಗೆ ಇದು ನಿರಾಸೆ. ಗ್ರೂಪ್ ‘ಬಿ’ ಹುದ್ದೆ, ಗೆಜೆಟೆಡ್ ಅಲ್ಲ, ಕೆಲಸ ತಾಂತ್ರಿಕ. ದೇಶದ ಯಾವ ಮೂಲೆಗಾದರೂ ವರ್ಗ. ಆದರೆ ಗಣಿತ, ಸಿಗ್ನಲ್, ಕೋಡ್ ಇವುಗಳಲ್ಲಿ ನಿಜಕ್ಕೂ ಮುಳುಗುವ ಮನುಷ್ಯನಿಗೆ, ಇಪ್ಪತ್ನಾಲ್ಕನೆಯ ವಯಸ್ಸಿಗೇ, ಸುತ್ತು ಬಳಸದೆ ಒಳಗೆ ಕಾಲಿಡುವ ಅವಕಾಶ ಇನ್ನೊಂದಿಲ್ಲ. ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಅಂದಾಜಿಸಲಾದ ದಾರಿ ಇದೇ.

ಇದೇ ಸಚಿವಾಲಯ ಹಿಂದೆ ಬರ್ಮೀಸ್, ಸಿಂಹಳ, ದರಿ, ಬಲೂಚಿ ಇಂಥ ಭಾಷೆ ಬಲ್ಲವರನ್ನು ಕೇಳಿದ್ದೂ ಉಂಟು. ಬೆಂಗಳೂರಿನಲ್ಲಿ ಫ್ರೆಂಚ್, ಜರ್ಮನ್ ತರಗತಿಗಳಿಗೆ ಜನ ಮುಗಿಬೀಳುತ್ತಾರೆ. ಈ ಕಸುಬಿಗೆ ಬೇಕಾದ್ದು ನೆರೆಹೊರೆಯ ಭಾಷೆ.

ಐಬಿಯ ಎಸಿಐಒ: ಹೆಚ್ಚು ಹುದ್ದೆ, ದೇಶದೊಳಗಿನ ಕೆಲಸ

ಅಸಿಸ್ಟೆಂಟ್ ಸೆಂಟ್ರಲ್ ಇಂಟೆಲಿಜೆನ್ಸ್ ಆಫೀಸರ್ ಗ್ರೇಡ್–2. ಹೆಸರು ಉದ್ದ, ದಾರಿ ನೇರ. ಯಾವುದಾದರೂ ಪದವಿ, 18ರಿಂದ 27 ವರ್ಷ, ಗೃಹ ಸಚಿವಾಲಯದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಣೆ. 2023ರಲ್ಲಿ 995 ಇದ್ದದ್ದು 2025ರಲ್ಲಿ 3,717ಕ್ಕೆ ಏರಿತು. ಒಂದು ಗಂಟೆಯಲ್ಲಿ ನೂರು ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಆಮೇಲೆ 50 ಅಂಕದ ವಿವರಣಾತ್ಮಕ ಪತ್ರಿಕೆ, 100 ಅಂಕದ ಸಂದರ್ಶನ. ವೇತನ ಡಿಎಫ್ಒ ಹಂತದ್ದೇ, ಅದರ ಮೇಲೆ ಮೂಲವೇತನದ ಶೇ 20ರಷ್ಟು ವಿಶೇಷ ಭದ್ರತಾ ಭತ್ಯೆ. ನಮ್ಮ ಹುಡುಗರು ಎಡವುವುದು ಎರಡನೆಯ ಹಂತದಲ್ಲಿ. ಲೆಕ್ಕ, ರೀಸನಿಂಗ್ ಲೀಲಾಜಾಲವಾಗಿ ಮಾಡುವವರು ಇಂಗ್ಲಿಷಿನಲ್ಲಿ ಒಂದು ಪುಟ ಪ್ರಬಂಧ ಬರೆ ಎಂದರೆ ಪೆನ್ನು ಕಚ್ಚುತ್ತ ಕೂರುತ್ತಾರೆ. ದಿನಕ್ಕೊಂದು ಸಂಪಾದಕೀಯವನ್ನು ನೂರೈವತ್ತು ಪದಕ್ಕೆ ಇಳಿಸಿ ಬರೆದು ಅಭ್ಯಾಸ ಮಾಡಿ. ಮುಂದೆ ಕೆಲಸದಲ್ಲಿ ವರದಿ ಬರೆಯುವುದೂ ಇದೇ ರೀತಿ.

ಎಸಿಐಒ ಆದವರು ಎಲ್ಲಿ ಕೂರುತ್ತಾರೆ? ನೀವು ವಿದೇಶಕ್ಕೆ ಹೋಗುವಾಗ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಿರುವಿ, ಮುಖ ನೋಡಿ, ಠಸ್ಸೆ ಒತ್ತುವ ಇಮಿಗ್ರೇಷನ್ ಕೌಂಟರಿನವರನ್ನು ನೆನಪಿಸಿಕೊಳ್ಳಿ. ಬ್ಯೂರೋ ಆಫ್ ಇಮಿಗ್ರೇಷನ್ ನಡೆಯುವುದು ಬಹುಮಟ್ಟಿಗೆ ಐಬಿ ಸಿಬ್ಬಂದಿಯಿಂದಲೇ. ಪಾಳಿ ಮೇಲೆ ಪಾಳಿ, ರಾತ್ರಿ ಎರಡರ ವಿಮಾನ, ಸಾಲಿನಲ್ಲಿ ಸಿಡಿಮಿಡಿಗೊಂಡ ನಾನೂರು ಜನ. ಬೇರೆಯವರು ರಾಜ್ಯಗಳ ಘಟಕಗಳಲ್ಲಿ, ಗಡಿಯಲ್ಲಿ, ಮೇಜಿನ ಹಿಂದೆ. ಮನುಷ್ಯರ ಜತೆ ಮಾತು ಬೆಳೆಸಿ ಮಾಹಿತಿ ತೆಗೆಯುವ ಚಾಕಚಕ್ಯತೆ ಇದ್ದವರು ಇಲ್ಲಿ ಬೇಗ ಮೇಲೆ ಬರುತ್ತಾರೆ. ‘ವಿದೇಶ’ ಎಂಬ ಪದಕ್ಕಾಗಿಯೇ ಬರುವವರಿಗೆ ಇದು ತಪ್ಪು ಬಾಗಿಲು.

ಹತ್ತನೇ ತರಗತಿ ಮೇಲೆ ಸೇರುವ ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆಯ ಬಗ್ಗೆಯೂ ಒಂದು ಮಾತು: 2025ರಲ್ಲಿ 4,987 ಸ್ಥಾನ, ಮೂಲವೇತನ 21,700ರಿಂದ. ಇಲ್ಲಿ ಅರ್ಜಿ ಹಾಕುವ ಪ್ರದೇಶದ ಸ್ಥಳೀಯ ಭಾಷೆ ಕಡ್ಡಾಯ, ಬೆಂಗಳೂರು ಘಟಕಕ್ಕೆ ಕನ್ನಡ ನಡೆಯುತ್ತದೆ. ಕನ್ನಡ ಬಲ್ಲವನಿಗೆ ಅದರಿಂದಲೇ ಅನುಕೂಲವಾಗುವ ಕೇಂದ್ರದ ಕೆಲಸ ತೀರಾ ಕಡಿಮೆ.

ಸೇನೆ, ವಿದೇಶಾಂಗ ಸೇವೆ, ಮತ್ತೆರಡು

ಸೇನೆಯ ಇಂಟೆಲಿಜೆನ್ಸ್ ಕೋರ್‌ಗೆ ಹೋಗಬೇಕಾದರೆ ಮೊದಲು ಸೇನಾಧಿಕಾರಿ ಆಗಬೇಕು. ಪಿಯುಸಿ ನಂತರ ಎನ್‌ಡಿಎ ಪರೀಕ್ಷೆ, ಪದವಿ ನಂತರ ಸಿಡಿಎಸ್ ಪರೀಕ್ಷೆ, ನಂತರ ಎಸ್‌ಎಸ್‌ಬಿ ಎಂಬ ಐದು ದಿನದ ಆಯ್ಕೆ ಸಂದರ್ಶನ. ಬೆಂಗಳೂರಿನ ಕಬ್ಬನ್ ರಸ್ತೆಯ ಸೆಲೆಕ್ಷನ್ ಸೆಂಟರಿಗೆ ಹೋಗಿಬಂದ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ, ಮಾತಾಡಿಸಿ. ಯಾವ ವಿಭಾಗ ಸಿಗುತ್ತದೆಂಬುದು ಅಕಾಡೆಮಿಯ ಕೊನೆಯಲ್ಲಿ ತಿಳಿಯುತ್ತದೆ. ಬೇಹು ಕಲಿಸುವ ಸೇನಾ ಶಾಲೆ ಪುಣೆಯಲ್ಲಿದೆ. ಕಾರ್ಗಿಲ್ ನಂತರ, 2002ರಲ್ಲಿ, ಮೂರೂ ಪಡೆಗಳ ಬೇಹನ್ನು ಒಂದೆಡೆ ತರಲು ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿ ಹುಟ್ಟಿತು. ಇಂಟೆಲಿಜೆನ್ಸ್ ಸಿಗದೆ ಆರ್ಟಿಲರಿ ಸಿಕ್ಕರೂ ಸಮವಸ್ತ್ರ ಹಾಕಿಕೊಂಡು ಹೆಮ್ಮೆಪಡುವವರಿಗೆ ಮಾತ್ರ ಈ ದಾರಿ.

ಐಎಫ್‌ಎಸ್, ಅಂದರೆ ವಿದೇಶಾಂಗ ಸೇವೆ, ಬೇಹು ಸೇವೆಯಲ್ಲ. ಆದರೂ ಸೇರಿಸಿದ್ದೇನೆ, ಏಕೆಂದರೆ ರಾ ಬೇಕು ಎನ್ನುವವರಲ್ಲಿ ಅರ್ಧದಷ್ಟು ಮಂದಿಗೆ ನಿಜವಾಗಿ ಬೇಕಿರುವುದು ಇದು. ಇನ್ನೊಂದು ದೇಶದಲ್ಲಿ ಮೂರು ವರ್ಷ ಬದುಕುವುದು, ಅಲ್ಲಿನ ಭಾಷೆ ಕಲಿಯುವುದು, ಅಲ್ಲಿ ಏನು ನಡೆಯುತ್ತಿದೆ ಎಂದು ದೆಹಲಿಗೆ ಬರೆಯುವುದು. ಐಎಫ್‌ಎಸ್‌ಗೆ ಆಯ್ಕೆಯಾದವರಿಗೆ ಒಂದು ವಿದೇಶಿ ಭಾಷೆ ಕಡ್ಡಾಯ. ಬೇಹು ಅಧಿಕಾರಿಗಳೂ ಎಷ್ಟೋ ಸಲ ರಾಯಭಾರ ಕಚೇರಿಯ ಹುದ್ದೆಯ ಮರೆಯಲ್ಲೇ ಕೆಲಸ ಮಾಡುವುದು. ಅವರು ಗುಟ್ಟಿನಲ್ಲಿ ಮಾಡುವುದರ ದೊಡ್ಡ ಭಾಗವನ್ನು ನೀವು ಹೆಸರು ಹೇಳಿಕೊಂಡು ಮಾಡಬಹುದು, ಸಂಜೆ ಮನೆಗೆ ಬಂದು ಹೆಂಡತಿಗೋ ಗಂಡನಿಗೋ ಹೇಳಬಹುದು. 2024ರ ಪರೀಕ್ಷೆಯಲ್ಲಿ ಇದಕ್ಕೆ ಇದ್ದದ್ದು 55 ಹುದ್ದೆ ಮಾತ್ರ ಎಂಬುದು ತೊಡಕು.

ಎನ್‌ಟಿಆರ್‌ಒ 2004ರಲ್ಲಿ ಬಂದ ತಾಂತ್ರಿಕ ಬೇಹು ಸಂಸ್ಥೆ. ಡಿಎಫ್ಒ ಇಷ್ಟವಾದವರು ಇದರ ಪ್ರಕಟಣೆಗಳ ಮೇಲೂ ಕಣ್ಣಿಡಿ. ಸರ್ಕಾರಿ ಕೆಲಸವೇ ಬೇಡ, ವಿಶ್ಲೇಷಣೆ ಸಾಕು ಎನ್ನುವವರಿಗೆ ಬೆಂಗಳೂರಿನಲ್ಲಿ ಸೈಬರ್ ಥ್ರೆಟ್ ಇಂಟೆಲಿಜೆನ್ಸ್ ಮಾಡುವ ಕಂಪನಿಗಳಿವೆ, ತಕ್ಷಶಿಲಾ ಮತ್ತು ನಿಯಾಸ್‌ನಂಥ ಸಂಶೋಧನಾ ಸಂಸ್ಥೆಗಳಿವೆ. ಮಣಿಪಾಲದಲ್ಲಿ ಭೂರಾಜಕೀಯ ಓದಬಹುದು. ಉಪಗ್ರಹ ಚಿತ್ರ, ಹಡಗಿನ ದಾರಿ, ಬೇರೆ ದೇಶದ ಪತ್ರಿಕೆ ಇಟ್ಟುಕೊಂಡು ಮೇಜಿನ ಮುಂದೆ ಕೂತು ಸತ್ಯ ಹೆಕ್ಕುವ ಓಪನ್ ಸೋರ್ಸ್ ಕೆಲಸ ಇವತ್ತು ಸ್ವತಂತ್ರ ಕಸುಬು.

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಆಗಾಗ ಕೇಳುತ್ತಾರೆ. ಸಿಐಎಗೆ ಅಮೆರಿಕದ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. ಎಂಐ6ಗೆ ಬ್ರಿಟಿಷ್ ಪೌರತ್ವ. ಎರಡೂ ತಮ್ಮ ವೆಬ್‌ಸೈಟಿನಲ್ಲೇ ಅರ್ಜಿ ಕರೆಯುತ್ತವೆ, ಹಾಕಿದ್ದನ್ನು ಊರಿಗೆಲ್ಲ ಸಾರಬೇಡಿ ಎನ್ನುತ್ತವೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಹಿಡಿದು ಇತ್ತ ಬಂದರೆ ಭಾರತದ ಸರ್ಕಾರಿ ಸೇವೆ ಸಿಗದು.

ಎಲ್ಲ ದಾರಿಗೂ ಒಂದೇ ಸುಂಕ

ಯಾವುದೇ ಬಾಗಿಲಿನಿಂದ ಹೋದರೂ ಒಳಗಿನ ಕಾನೂನು ಒಂದೇ. 1980ರಲ್ಲಿ ರಾ ನೌಕರರೇ ಮುಷ್ಕರ ಹೂಡಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. 1985ರ ಕಾಯ್ದೆ ಬಂದ ಮೇಲೆ ಬೇಹು ಸಂಸ್ಥೆಗಳ ಸಿಬ್ಬಂದಿಗೆ ಸಂಘ ಕಟ್ಟುವ, ಪತ್ರಿಕೆಗಳ ಜತೆ ಮಾತಾಡುವ ಹಕ್ಕುಗಳಿಗೆ ಕಡಿವಾಣ ಬಿತ್ತು. ರಾದ 1975ರ ಸೇವಾ ನಿಯಮಗಳಲ್ಲಿ 135ನೆಯದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ: ಬೇಹು ಅಧಿಕಾರಿ ಎಂದು ಗುರುತು ಬಯಲಾದರೆ ಅದೇ ಕಾರಣಕ್ಕೆ ಕಡ್ಡಾಯ ನಿವೃತ್ತಿ ಕೊಡಬಹುದು. 2020ರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. 2021ರ ತಿದ್ದುಪಡಿಯ ಪ್ರಕಾರ ನಿವೃತ್ತಿಯ ನಂತರವೂ ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟದ್ದನ್ನು ಬರೆದು ಪ್ರಕಟಿಸಲು ಅನುಮತಿ ಬೇಕು, ಇಲ್ಲವಾದರೆ ಪಿಂಚಣಿಗೆ ಕುತ್ತು. ಇನ್‌ಸ್ಟಾಗ್ರಾಮಿನಲ್ಲಿ ದಿನಕ್ಕೆ ಮೂರು ರೀಲು ಹಾಕುವವರು ಇಲ್ಲಿಯೇ ನಿಂತು ಯೋಚಿಸಬೇಕು.

ಹಿನ್ನೆಲೆ ಪರಿಶೀಲನೆಯೂ ಅಷ್ಟೇ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಐಬಿಗೆ ಆಯ್ಕೆಯಾದಾಗ ಮಫ್ತಿಯಲ್ಲಿ ಒಬ್ಬರು ಅವಳ ಹಳ್ಳಿಗೆ ಬಂದು, ಮನೆಗೆ ಹೋಗುವ ಮೊದಲು ಎದುರಿನ ಕಿರಾಣಿ ಅಂಗಡಿಯಲ್ಲಿ ಕೂತು ಚಹಾ ಕುಡಿದರಂತೆ. ‘ಈ ಮನಿಯವ್ರು ಉದ್ರಿ ತೀರಿಸ್ತಾರ?’ ಎಂಬುದು ಮೊದಲ ಪ್ರಶ್ನೆ. ಸಾಲದಲ್ಲಿ ಮುಳುಗಿದವರನ್ನು ಕೊಳ್ಳುವುದು ಸುಲಭ ಎಂಬ ಲೆಕ್ಕಾಚಾರ ಎಲ್ಲ ದೇಶಗಳ ಬೇಹಿನವರಿಗೂ ಗೊತ್ತು. ಆನ್‌ಲೈನ್ ಸಾಲದ ಆ್ಯಪ್, ಬೆಟ್ಟಿಂಗ್ ಆ್ಯಪ್ ಅಭ್ಯಾಸ ಇದ್ದವರು ಪುಸ್ತಕ ತೆರೆಯುವ ಮುಂಚೆ ಅವನ್ನು ಮುಚ್ಚಿ.

ಹಾಗಾದರೆ ಯಾರಿಗೆ ಯಾವುದು? ಕಲಾ ವಿಭಾಗದ ಪದವಿ, ಕನ್ನಡ ಮಾಧ್ಯಮ, ಕೈಯಲ್ಲಿ ಐದಾರು ವರ್ಷ ಮತ್ತು ಮನೆಯ ಬೆಂಬಲ ಇದ್ದರೆ ಸಿವಿಲ್ ಸರ್ವಿಸಸ್, ಜತೆಗೆ 27 ತುಂಬುವವರೆಗೆ ಎಸಿಐಒ; ಸಾಮಾನ್ಯ ಅಧ್ಯಯನದ ಓದು ಎರಡಕ್ಕೂ ಅನ್ವಯಿಸುತ್ತದೆ. ಬೇಗ ಸಂಬಳ ಬೇಕಿದ್ದ ಮನೆಯವರಿಗೆ ಎಸಿಐಒ ಮೊದಲು, ಉಳಿದದ್ದು ಆಮೇಲೆ. ಇಪ್ಪತ್ತೆರಡರ ಒಳಗಿದ್ದು ಮೈಕಟ್ಟು, ಶಿಸ್ತು ಎರಡೂ ಇದ್ದರೆ ಸಿಡಿಎಸ್. ಗೇಟ್ ಬರೆದವರು, ಅಥವಾ ಬರೆಯಬಲ್ಲವರು, ಡಿಎಫ್ಒ ಬಿಟ್ಟು ಬೇರೆ ಕಡೆ ನೋಡುವುದು ನನಗಂತೂ ಅರ್ಥವಾಗುವುದಿಲ್ಲ.

ಹಾಗೆ ಬರೆದವನೇ ನಮ್ಮ ಕ್ಯೂಆರ್ ಕೋಡ್ ಹುಡುಗ. ಎಲೆಕ್ಟ್ರಾನಿಕ್ಸ್ ಬಿ.ಇ., ಎಂ.ಟೆಕ್ ಮಾಡೋಣ ಎಂದು ಗೇಟ್ ಬರೆದು, ಒಳ್ಳೆಯ ಅಂಕ ಬಂದರೂ ಮನೆಯ ಕಷ್ಟಕ್ಕೆ ಸೇರದೆ, ಅಂಕಪಟ್ಟಿಯನ್ನು ಟ್ರಂಕಿನಲ್ಲಿಟ್ಟು ಮರೆತಿದ್ದ. ಚಳಿಗಾಲದಲ್ಲಿ ಪ್ರಕಟಣೆ ಬಂದಾಗ ನಾನೇ ಫೋನ್ ಮಾಡಿದೆ. ಅರ್ಜಿ ತುಂಬಿ ಇಬ್ಬರೂ ಅಂಚೆ ಕಚೇರಿಗೆ ಹೋದೆವು. ಕೌಂಟರಿನವರು ಲಕೋಟೆ ತಿರುಗಿಸಿ ತಿರುಗಿಸಿ ನೋಡಿದರು. “ಬರೇ ಚೀಲದ ನಂಬರ್ ಐತೆಲ್ಲಪಾ, ಯಾರ ಹೆಸರಿಗೆ ಇದು?” ಹುಡುಗ ನನ್ನ ಮುಖ ನೋಡಿದ. “ಅಷ್ಟ ಅದರಿ ವಿಳಾಸ” ಎಂದೆ. ಅವರು ಭುಜ ಕುಣಿಸಿ, ಮೊಹರು ಒತ್ತಿ, ಹಿಂದಿನ ಬುಟ್ಟಿಗೆ ಎಸೆದರು.